ನೆಟ್ಟಿನ ಪಾಳಿ

ಅಧಿಕ ಮಾಸದಲ್ಲಿ ಮದುವೆ ಮಾಡುವಂತಿಲ್ಲ, ಹೊಸ ಮನೆ ಹೊಗುವಂತಿಲ್ಲ, ಬಾವಿಗೆ ಗುದ್ದಲಿ ಹಾಕುವಂತಿಲ್ಲ. ಮೂರು ವರ್ಷಕ್ಕೊಮ್ಮೆ ಬರುವ ಆ ತಿಂಗಳಲ್ಲಿ ಸಂಸಾರಿಗೆ ಉಳಿಯುವುದು ಜಪ, ದಾನ ಮತ್ತು ಅಳಿಯ. ಕೃಷ್ಣೆಯ ಈ ದಂಡೆಯ ಹಳ್ಳಿಗಳಲ್ಲಿ ಅಳಿಯನನ್ನು ಕರೆಸಿ, ಮಗಳೊಂದಿಗೆ ಮಣೆಯ ಮೇಲೆ ಕೂಡಿಸಿ, ಹೂರಣ ತುಂಬಿದ ಧೋಂಡೆಯ ಊಟ ಹಾಕಿ, ಅನಾರಸವೆಂಬ ಕರಿದ ಸಿಹಿಯ ತಾಟಿನ ಮೇಲೆ ದೀಪವಿಟ್ಟು ಕೊಟ್ಟರೆ ಸಾಕ್ಷಾತ್ ಲಕ್ಷ್ಮೀನಾರಾಯಣರಿಗೆ ಉಣಿಸಿದ ಪುಣ್ಯ ಎನ್ನುತ್ತಾರೆ. ಆ ತಿಂಗಳಲ್ಲಿ ಮಾಡಿದ್ದೆಲ್ಲ ಹಲವು ಪಟ್ಟಾಗಿ ಬರುತ್ತದೆಂದೂ ಹೇಳುತ್ತಾರೆ. ಪಾಪಕ್ಕೂ ಅದೇ ಲೆಕ್ಕವೋ ಏನೋ, ಯಾರೂ ಬಿಡಿಸಿ ಹೇಳುವುದಿಲ್ಲ. ಎರಡು ಸಾವಿರದ ಹದಿನೆಂಟರ ಅಧಿಕ ಜ್ಯೇಷ್ಠದಲ್ಲಿ ಶಿರಗುಪ್ಪಿಯ ಧರೆಪ್ಪ ಒಂದು ವಾರ ಪೂರ್ತಿ ಹೊಟ್ಟೆಕಿಚ್ಚಿನಿಂದ ಬೆಂದದ್ದು ಯಾವ ಖಾತೆಗೆ ಹೋಯಿತೆಂದು ಭಗವಂತನೇ ಬಲ್ಲ.

ಧರೆಪ್ಪ ಏತ ನೀರಾವರಿ ಸಂಘದ ಪಾಟಕರಿ. ಹೊಳೆಯಿಂದ ಎತ್ತಿದ ನೀರನ್ನು ಯಾರ ಕಬ್ಬಿಗೆ ಯಾವಾಗ, ಎಷ್ಟು ತಾಸು ಬಿಡಬೇಕೆಂದು ಪಾಳಿ ಹಾಕುವವನಿಗೆ ಇಲ್ಲಿ ಪಾಟಕರಿ ಎನ್ನುತ್ತಾರೆ. ಇಪ್ಪತ್ತೇಳು ವರ್ಷ ಅವನು ಕೊರಳಲ್ಲಿ ಸಿಳ್ಳು ಹಾಕಿಕೊಂಡು, ಬಗಲಲ್ಲಿ ಪಾಳಿಪುಸ್ತಕ ಇಟ್ಟುಕೊಂಡು ಕಾಲುವೆಯ ಮೇಲೆ ಓಡಾಡಿದ್ದಾನೆ. ಸ್ವಂತ ಮಗಳ ಮದುವೆಯಲ್ಲಿ ಊಟದ ಪಂಕ್ತಿಗಳನ್ನೂ ಸಿಳ್ಳು ಹಾಕಿಯೇ ಎಬ್ಬಿಸಿದ್ದ. ಬೀಗರು ಆಗ ಏನೂ ಅನ್ನಲಿಲ್ಲ. ಆಮೇಲೆ ಬಹಳ ಅಂದರೆಂದು ಕೇಳಿದ್ದೇವೆ.

ಧರೆಪ್ಪನ ಮನೆಗೂ ಅವನ ಕಾಕಾನ ಮಗ ರಾವಸಾಹೇಬನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಿತ್ತಿಲಲ್ಲಿ ಅದು ಎದೆಮಟ್ಟಕ್ಕೆ ಇಳಿಯುತ್ತದೆ. ಆ ಗೋಡೆಯ ಆಚೆ ಎಲ್ಲವೂ ಮೊದಲು ಬಂದವು: ಸ್ಲ್ಯಾಬಿನ ಮನೆ ಮೊದಲು, ಗಾಡಿ ಮೊದಲು, ಹಲಗೆಯಷ್ಟಗಲದ ಫೋನೂ ಮೊದಲು. ಧರೆಪ್ಪನ ಬಳಿ ಇದ್ದು ರಾವಸಾಹೇಬನ ಬಳಿ ಇಲ್ಲದ್ದು ಒಂದೇ. ರಾವಸಾಹೇಬನಿಗೂ ಅವನ ಹೆಂಡತಿ ಸತ್ತೆವ್ವನಿಗೂ ಮಕ್ಕಳಿಲ್ಲ. ಮಗಳಿಲ್ಲದ ಮೇಲೆ ಅಳಿಯ ಎಲ್ಲಿಂದ ಬರಬೇಕು?

ಧರೆಪ್ಪನ ಮಗಳು ಸೀಮಾಳ ಮದುವೆಯಾದ ಮೇಲೆ ಬಂದ ಮೊದಲ ಅಧಿಕ ಮಾಸ ಅದು. ಅಳಿಯ ಸಿದ್ದಲಿಂಗ ರಾಯಬಾಗದ ಒಂದು ಪತ್ತಿನ ಸಂಘದಲ್ಲಿ ಕ್ಲಾರ್ಕ್. ಕೂಡಿಟ್ಟ ರಜೆಯನ್ನೆಲ್ಲ ಕಟ್ಟಿಕೊಂಡು, ಹೆಂಡತಿಯೊಂದಿಗೆ ಸೋಮವಾರ ಬಂದಿಳಿದ. ಹುಣ್ಣಿವೆ ಮುಂದಿನ ಮಂಗಳವಾರ, ಧೋಂಡೆಯ ಊಟ ಅಂದೇ ಎಂದು ನಿಶ್ಚಯವಾಗಿತ್ತು. ಇನ್ನು ಎಂಟು ದಿನ ಗೋಡೆಯ ಈಚೆಯದೇ ಮೇಲುಗೈ ಎಂದು ಧರೆಪ್ಪ ಮೀಸೆಗೆ ಎಣ್ಣೆ ಹಚ್ಚಿಕೊಂಡ.

ಸಿದ್ದಲಿಂಗ ಚೀಲದಿಂದ ಲುಂಗಿಯಲ್ಲಿ ಸುತ್ತಿದ ಭಾರವಾದ ಗಂಟೊಂದನ್ನು ತೆಗೆದು ಜಮಖಾನದ ಮೇಲಿಟ್ಟ. ಬಿಚ್ಚಿದರೆ ಕರಿಯ ಡಬ್ಬಿ. ಅಳಿಯ ತಂದದ್ದೆಂದು ಧರೆಪ್ಪನ ಹೆಂಡತಿ ಕಸ್ತೂರೆವ್ವ ಅರಿಶಿನ ಕುಂಕುಮ ತಂದು ಹಚ್ಚಿಯೇಬಿಟ್ಟಳು.

"ಅತ್ತಿ, ಅದು ದೇವರ ಸಾಮಾನಲ್ರಿ," ಎಂದ ಸಿದ್ದಲಿಂಗ. "ಟಿವಿಗೆ ಹಚ್ಚಿ ಆಡೂ ಆಟದ ಡಬ್ಬಿ. ಫುಟ್ಬಾಲ್. ನಿಪ್ಪಾಣ್ಯಾಗ ಸೆಕೆಂಡ್ ಹ್ಯಾಂಡ್ ಸಿಕ್ತ್ರಿ. ಹಳೇದೈತಿ, ಖರೆ ಗಟ್ಟಿ ಐತಿ."

"ಇರ್ಲಿ ಬಿಡ್ರಿ, ಹಚ್ಚಿದ ಕುಂಕುಮ ಅಳಸಬಾರ್ದು," ಎಂದಳು ಅವಳು.

"ಇದಕ್ಕ ನೆಟ್ ಹಚ್ಚಿದ್ರ ಪರದೇಶದವರ ಜೋಡಿ ಆಡಬಹುದಂತ್ರಿ ಮಾವಾರ. ನನ್ನ ಫೋನಿಗೆ ಇಲ್ಲಿ ರೇಂಜ್ ಇಲ್ಲ. ನಿಮ್ಮ ಮನ್ಯಾಗ ನೆಟ್ ಐತೇನ್ರಿ?"

ಧರೆಪ್ಪ ಬಾಯಿ ತೆರೆಯುವಷ್ಟರಲ್ಲಿ ಹಿತ್ತಿಲ ಗೋಡೆಯ ಮೇಲೆ ರಾವಸಾಹೇಬನ ತಲೆ ಮೂಡಿತು. ಅಳಿಯನನ್ನು ಅವನು ಮರಾಠಿಯಲ್ಲಿ ಜಾವಯಿಬಾಪು ಎಂದೇ ಕರೆಯುವವನು.

"ನಮ್ಮನ್ಯಾಗ ಐತಲ್ರೀ ಜಾವಯಿಬಾಪು! ಇಪ್ಪತ್ನಾಕೂ ತಾಸು ಚಾಲೂ! ಬರ್ರಿ ಬರ್ರಿ!"

"ನಮ್ಮನ್ಯಾಗೂ ಐತಿ," ಎಂದುಬಿಟ್ಟ ಧರೆಪ್ಪ. "ಅವರಕಿಂತಾ ಜೋರ ಐತಿ."

ಕಸ್ತೂರೆವ್ವ ಗಂಡನ ಅಂಗಿಯ ಕಿಸೆಯನ್ನು ನೋಡಿದಳು. ಅದರಲ್ಲಿದ್ದದ್ದು ರಬ್ಬರ್ ಬ್ಯಾಂಡ್ ಸುತ್ತಿದ ಗುಂಡಿಯ ಫೋನು. ಅದರಲ್ಲಿ ಟಾರ್ಚ್ ಒಂದೇ ಜೋರಾಗಿತ್ತು.

ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಧರೆಪ್ಪ ಕಾಗವಾಡಕ್ಕೆ ಹೋದ. ಮೊಬೈಲ್ ಅಂಗಡಿಯ ಸರಿತಾ ಎಂಬ ಹೆಣ್ಣುಮಗಳು ಆಗಷ್ಟೇ ಶಟರ್ ಎತ್ತಿ, ಉದುಬತ್ತಿ ತಿರುವುತ್ತಿದ್ದಳು. ಧರೆಪ್ಪ ಹೊಸ ಫೋನು ಕೊಂಡು, ಕುರ್ಚಿ ಎಳೆದುಕೊಂಡು ಕುಳಿತು, ನೆಟ್ ಅಂದರೇನೆಂದು ಮೊದಲಿನಿಂದ ಹೇಳಬೇಕೆಂದ.

"ಟಾವರಿಂದ ನಿಮ್ಮ ಫೋನಿಗೆ ನೆಟ್ ಬರತೈತ್ರಿ. ಹಾಟ್‌ಸ್ಪಾಟ್ ಅಂತ ಇಲ್ಲೊಂದು ಬಟನ್ ಐತಿ, ಒತ್ತಿದ್ರ ನಿಮ್ಮ ಫೋನಿಂದ ಆ ಡಬ್ಬಿಗೆ ಹೋಗತೈತಿ. ದಿನಕ್ಕ ಒಂದೂವರೆ ಜಿಬಿ."

"ಅಂದ್ರ ಟಾವರ್ ಅನ್ನೂದು ಹೊಳಿ ನೀರು ಎತ್ತೂ ಜಾಕವೆಲ್ ಇದ್ದಂಗ?"

"ಹಾಂ... ಇದ್ದಂಗ್ರಿ."

"ಫೋನ್ ಅನ್ನೂದು ಡಿಸ್ಟ್ರಿಬ್ಯೂಟರಿ ಕಾಲುವಿ. ಡಬ್ಬಿ ಅನ್ನೂದು ಹೊಲ. ಒಂದೂವರೆ ಅನ್ನೂದು ದಿನದ ಪಾಳಿ. ನಮಗಿಂತ ಮ್ಯಾಲಿನಂವ ಜಗ್ಗಿದ್ರ ನಮಗ ಕಡಿಮಿ ಬೀಳತೈತಿ. ಹೌದಲ್ಲ?"

ಸರಿತಾಳಿಗೆ ಬೇರೆ ಗಿರಾಕಿ ಬಂದಿದ್ದ. "ಹೌದ್ರೀ ಕಾಕಾ, ಹಂಗ ತಿಳ್ಕೋರಿ," ಎಂದಳು. ಆ ಎರಡು ಮಾತಿನಿಂದ ಶಿರಗುಪ್ಪಿಯ ಒಂದು ಓಣಿಯ ಮೇಲೆ ಏನೇನು ಬಂದೆರಗಲಿದೆ ಎಂದು ಆ ತಾಯಿಗೆ ಹೇಗೆ ತಿಳಿಯಬೇಕು? ಧರೆಪ್ಪ ಎದ್ದು ನಿಂತಾಗ ಅವನ ಮುಖದಲ್ಲಿ ಜ್ಞಾನ ಬೆಳಗುತ್ತಿತ್ತು. ಜಗತ್ತು ಎಷ್ಟೇ ಬದಲಾದರೂ ಕೊನೆಗೆ ಎಲ್ಲವೂ ನೀರೇ ಎಂದು ಅವನಿಗೆ ಖಾತ್ರಿಯಾಯಿತು.

ಅಂದು ಸಂಜೆ ಡಬ್ಬಿಯನ್ನು ಟಿವಿಗೆ ಜೋಡಿಸಿದಾಗ ಅಳಿಯನನ್ನು ನೋಡುವ ನೆವದಲ್ಲಿ ಓಣಿಯ ಕೆಲವರು ಬಂದು ಕೂತಿದ್ದರು. ಎದುರು ಮನೆಯ ಮುದುಕಿ ಕೆಂಪವ್ವ ಇದ್ದಳು, ರೇಶನ್ ಅಂಗಡಿಯ ನೇಮಿನಾಥ ಇದ್ದ. ಸಿದ್ದಲಿಂಗ ಡಬ್ಬಿಯ ಕೈಹಿಡಿಕೆಯಲ್ಲಿ ಏನೋ ಒತ್ತಿದ. ಸುತ್ತಮುತ್ತ ಸಿಗುವ ಹಾಟ್‌ಸ್ಪಾಟುಗಳ ಪಟ್ಟಿ ಟಿವಿಯ ಪರದೆಯ ಮೇಲೆ ಮೂಡಿತು. ಒಂದರ ಕೆಳಗೊಂದು ಹೆಸರು, ಹೆಸರಿನ ಪಕ್ಕ ಸಣ್ಣದರಿಂದ ದೊಡ್ಡದಕ್ಕೆ ಏರುವ ಗೆರೆಗಳು.

"ಏನ ಬರದೈತವ್ವಾ ಅದು?" ಎಂದು ಕೆಂಪವ್ವ ಸೀಮಾಳನ್ನು ಕೇಳಿದಳು.

"ಮ್ಯಾಲಿಂದು ರಾವಸಾಹೇಬ ಕಾಕಾರ ಹೆಸರು ಆಯಿ. ನಾಕು ಗೆರಿ. ಅದರ ಕೆಳಗಿಂದು ಅಪ್ಪಂದು. ಎರಡ ಗೆರಿ."

ಎಲ್ಲರೂ ಧರೆಪ್ಪನ ಕಡೆ ತಿರುಗಿದರು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲೆ ಬಂತು ಎಂಬುದಕ್ಕೆ ಅಣ್ಣತಮ್ಮಂದಿರು ಹನ್ನೆರಡು ವರ್ಷ ಮಾತು ಬಿಟ್ಟದ್ದುಂಟು. ಇಲ್ಲಿ ಧರೆಪ್ಪನ ಮನೆ, ಧರೆಪ್ಪನ ಟಿವಿ, ಧರೆಪ್ಪನ ಕರೆಂಟು. ಮೇಲೆ ರಾವಸಾಹೇಬ!

"ನಾಕು ಗೆರಿ ಅಂದ್ರ ಏನ್ ಸಣ್ಣ ಮಾತಲ್ಲ ಬಿಡ್ರಿ," ಎಂದ ನೇಮಿನಾಥ, ಮೆಲ್ಲಗೆ, ಎಲ್ಲರಿಗೂ ಕೇಳುವಂತೆ.

"ಮಾವಾರ, ಅದು ಗೋಡಿ ಸಮೀಪ ಐತಂತ ಹಂಗ ತೋರಸ್ತೈತಿ. ನಿಮ್ಮ ಫೋನ್ ಇಲ್ಲೆ ತರ್ರಿ," ಎಂದ ಸಿದ್ದಲಿಂಗ. ಫೋನು ಅಟ್ಟದ ಮೇಲಿತ್ತು. ಧರೆಪ್ಪ ತರಲಿಲ್ಲ. ಟಾವರಿನ ನೀರು ಮೇಲಿನಿಂದ ಬರುವಾಗ ಫೋನನ್ನು ತಗ್ಗಿಗೆ ಇಳಿಸುವ ಪಾಟಕರಿ ಎಲ್ಲಿದ್ದಾನೆ? ಅವನು ಮಾಳಿಗೆ ಹತ್ತಿ, ನೀರಿನ ಟಾಕಿಯ ಮೇಲೆ ನಿಂತು, ಫೋನನ್ನು ಎರಡೂ ಕೈಯಲ್ಲಿ ಆಕಾಶಕ್ಕೆ ಎತ್ತಿ ಹಿಡಿದ. ಕೆಳಗಿನಿಂದ ಕಸ್ತೂರೆವ್ವ ಕೂಗಿದಳು: "ಎರಡಿದ್ದದ್ದು ಒಂದ ಆತಂತ!"

ಕೊನೆಗೆ ಒಂದೇ ಗೆರೆಯಲ್ಲಿ ಡಬ್ಬಿ ಕೂಡಿಕೊಂಡಿತು. ಕೂಡಿಕೊಂಡದ್ದೇ, ಆಟ ಆಮೇಲೆ, ಮೊದಲು ನನ್ನ ಹಳೆಯ ವ್ಯವಸ್ಥೆಯನ್ನೆಲ್ಲ ಹೊಸದು ಮಾಡಿಕೊಳ್ಳಬೇಕು ಎಂದು ಕೂತಿತು. ನೆಟ್ಟನ್ನು ಎಳೆಯತೊಡಗಿತು. ಒಂದು ತಾಸು ಎಳೆಯಿತು, ಎರಡು ತಾಸು ಎಳೆಯಿತು. ದಿನದ ಒಂದೂವರೆ ಮುಗಿದು, ಅರ್ಧಕ್ಕೇ ನಿಂತಿತು.

ಧರೆಪ್ಪ ಇಳಿದು ಬಂದು, ಹಿಡಿದುಕೊಂಡ ಭುಜಗಳನ್ನು ತಿಕ್ಕಿಕೊಳ್ಳುತ್ತ, ಬಂದವರಿಗೆ ತಿಳಿಸಿ ಹೇಳಿದ. "ಒಣ ಕಾಲುವಿಗೆ ಮೊದಲ ನೀರು ಬಿಟ್ರ ಹೊಲಕ್ಕ ಮುಟ್ಟತೈತೇನ? ಕಾಲುವೀನ ಎಲ್ಲಾ ಕುಡಿತೈತಿ. ಅದೇನ ತಪ್ಪಲ್ಲ. ಆದ್ರ ಇಷ್ಟ್ಯಾಕ ಕಡಿಮಿ ಬಿತ್ತು? ನಮ್ಮ ಮ್ಯಾಲಿನಂವ ಜಗ್ಗಾಕತ್ತಾನ. ನಾಕು ಗೆರಿ ತುಂಬಿಸ್ಕೊಂಡು ಕುಂತಾನ. ನಾವು ಟೇಲ್ ಆದಿವಿ."

ಕಾಲುವೆಯ ಕೊನೆಯ ಹೊಲದವನಿಗೆ ಟೇಲಿನವನು ಎನ್ನುತ್ತಾರೆ. ಅವನ ಗೋಳನ್ನು ಬರೆದರೆ ಅದೇ ಒಂದು ಪುರಾಣವಾದೀತು. ತಾನೇ ಟೇಲಿನವನಾಗುವ ದಿನ ಬರುತ್ತದೆಂದು ಧರೆಪ್ಪ ಅಂದುಕೊಂಡಿರಲಿಲ್ಲ.

ಬುಧವಾರ ಮಧ್ಯಾಹ್ನ ಗೋಡೆಯ ಮೇಲೆ ಮತ್ತೆ ಆ ತಲೆ ಮೂಡಿತು. "ಜಾವಯಿಬಾಪು, ನಿಮ್ಮ ಡಬ್ಬಿ ತಗೊಂಡ ಬರ್ರಿ. ನಮ್ಮ ಟಿವಿ ದೊಡ್ಡದೈತಿ. ಕೂಲರ್ ಹಚ್ಚೇನಿ." ಬಿಸಿಲು ನಲವತ್ತರ ಹತ್ತಿರ ಇತ್ತು. ಸಿದ್ದಲಿಂಗ ಮಾವನ ಮುಖ ನೋಡಿದ. ಮಾವ ಎಲ್ಲೋ ನೋಡುತ್ತಿದ್ದ. ಅಳಿಯ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು, ಎದೆಮಟ್ಟದ ಗೋಡೆಯನ್ನು ಒಂದೇ ಹಾರಿಗೆ ದಾಟಿದ.

ಆಮೇಲೆ ಗೋಡೆಯಾಚೆಯಿಂದ ಬಂದ ಸದ್ದುಗಳನ್ನು ಧರೆಪ್ಪ ಕೂತಲ್ಲೇ ಎಣಿಸಿದ. ಮೊದಲು ಕೂಲರಿನ ಸದ್ದು. ಆಮೇಲೆ ಸತ್ತೆವ್ವ ಚಹಾದ ಕಪ್ಪು ಇಟ್ಟ ಸದ್ದು. ಆಮೇಲೆ ಚುರಮುರಿ ಕಲಸಿದ ಸದ್ದು. ಆಮೇಲೆ, ಎಲ್ಲಕ್ಕಿಂತ ಕೆಟ್ಟದ್ದು, ರಾವಸಾಹೇಬನ ನಗೆ. "ಹೊಡೀರಿ! ಹೊಡೀರಿ! ಅಯ್ಯ, ಹೋತಲ್ಲೊ!" ಪರದೇಶದವರೊಂದಿಗೆ ಆಟ ನಡೆದಿರಬೇಕು. ಪರದೇಶದವರೂ ರಾವಸಾಹೇಬನ ಮನೆಗೇ ಬರಬೇಕೆ?

"ನೀವೂ ಹೋಗಿ ಕುಂಡ್ರಬಾರ್ದೇನು?" ಎಂದಳು ಕಸ್ತೂರೆವ್ವ.

"ನಾನ್ಯಾಕ ಹೋಗ್ಲಿ? ನಾಕು ಗೆರಿ ನೋಡಾಕ?"

ಬುಧವಾರ ಹೋಯಿತು, ಗುರುವಾರ ಹೋಯಿತು, ಶುಕ್ರವಾರವೂ ಹೋಯಿತು. ಅಳಿಯ ಮಾವನ ಮನೆಯಲ್ಲಿ ಉಣ್ಣುತ್ತಿದ್ದ, ಮಲಗುತ್ತಿದ್ದ. ನಗುವುದು ಮಾತ್ರ ಆಚೆಯ ಮನೆಯಲ್ಲಿ. ಶುಕ್ರವಾರ ಸಂಜೆ ಸತ್ತೆವ್ವ ಸೆರಗು ಸರಿಮಾಡಿಕೊಂಡು ಗೋಡೆಗೆ ಬಂದು ಕಸ್ತೂರೆವ್ವನನ್ನು ಕರೆದಳು.

"ಅಕ್ಕಾ, ರವಿವಾರ ಮಗಳನ್ನೂ ಅಳಿಯಂದ್ರನ್ನೂ ನಮ್ಮ ಮನಿಗೆ ಊಟಕ್ಕ ಕಳಸ್ತೀರೇನ್ರಿ? ಧೋಂಡೆ ಮಾಡ್ಬೇಕಂತ ಮನಸಾಗೈತಿ."

ಕಸ್ತೂರೆವ್ವ ಉತ್ತರ ಕೊಡುವ ಮೊದಲೇ ಒಳಗಿನಿಂದ ಧರೆಪ್ಪ ಎದ್ದು ಬಂದ. "ರವಿವಾರ ಆಗೂದಿಲ್ಲ. ಮಂಗಳವಾರ ನಮ್ಮ ಧೋಂಡೆ ಆಗ್ಬೇಕು. ಅದಕ್ಕೂ ಮೊದ್ಲ ಎಲ್ಲೂ ಉಣಸೂದಿಲ್ಲ." ಸತ್ತೆವ್ವ "ಹೂಂ, ಆಗ್ಲಿ," ಎಂದು ಹೊರಟುಹೋದಳು. ಧರೆಪ್ಪ ಹಿತ್ತಿಲ ಬಾಗಿಲನ್ನು ದಢ್ ಎಂದು ಹಾಕಿಕೊಂಡ. ಕಂಡಿರಾ ಸಂಚು! ಮೊದಲು ನೆಟ್ಟು, ಆಮೇಲೆ ಅಳಿಯ, ಈಗ ಪುಣ್ಯ! ಮೊದಲ ಅಧಿಕ ಮಾಸದ ಮೊದಲ ಧೋಂಡೆ ರಾವಸಾಹೇಬನ ಮನೆಯಲ್ಲಿ ಬಿದ್ದರೆ, ಮಂಗಳವಾರ ತನ್ನ ಮನೆಯ ಎಲೆಗೆ ಉಳಿಯುವುದೇನು? ಅಳಿಯನನ್ನು ಮರಳಿ ತನ್ನ ಜಮಖಾನದ ಮೇಲೆ ಕೂಡಿಸಬೇಕಾದರೆ ಡಬ್ಬಿಗೆ ಪೂರ್ತಿ ನೆಟ್ಟು ಮುಟ್ಟಿಸಬೇಕು. ಮುಟ್ಟಿಸುವ ವಿದ್ಯೆ ಈ ಊರಲ್ಲಿ ಒಬ್ಬನಿಗೆ ಮಾತ್ರ ಗೊತ್ತು.

ಶನಿವಾರ ಮುಂಜಾನೆ ಧರೆಪ್ಪ ಪಾಳಿಪುಸ್ತಕದ ಹೊಸ ಹಾಳೆ ತೆಗೆದು, ಅಡ್ಡಗೆರೆ ಉದ್ದಗೆರೆ ಎಳೆದು, ಓಣಿಯ ಹನ್ನೊಂದು ಮನೆಗಳ ಹೆಸರು ಬರೆದ. ನಾಲ್ಕರಿಂದ ಆರರವರೆಗೆ ಧರೆಪ್ಪನ ಪಾಳಿ, ಆ ಹೊತ್ತಿನಲ್ಲಿ ಉಳಿದವರೆಲ್ಲ ಫೋನು ಬಂದ್ ಮಾಡಬೇಕು. ಆರರ ಮೇಲೆ ಒಬ್ಬೊಬ್ಬರಿಗೂ ಮುಕ್ಕಾಲು ತಾಸು. ಮನೆಮನೆಗೆ ಹೋಗಿ ಸಹಿ ತೆಗೆದುಕೊಂಡ. ಯಾರೂ ಎದುರಾಡಲಿಲ್ಲ. ಮೇ ತಿಂಗಳ ಕೊನೆ, ಹೊಳೆ ತಳ ಕಂಡಿದೆ, ಕುಳೆ ಕಬ್ಬು ಬಾಡುತ್ತಿದೆ. ಪಾಟಕರಿಯೊಂದಿಗೆ ಜಗಳ ಕಾಯುವ ತಿಂಗಳೇ ಅದು?

ಕೆಂಪವ್ವ ಒಬ್ಬಳೇ ತನ್ನ ಗುಂಡಿಯ ಫೋನು ತೋರಿಸಿ ಕೇಳಿದಳು. "ನಂದು ನೆಟ್ ಕುಡಿಯೂದಿಲ್ಲೊ ಧರೆಪ್ಪಾ. ಬರೇ ಕೊಕಟನೂರಿನ ಮಗಳ ಕೂಡ ಮಾತಾಡತೈತಿ. ಇದನ್ನೂ ಮುಚ್ಚಲೇನ?"

"ಮುಚ್ಚು ಆಯಿ. ಸೋರಿಕಿ ಅಂತ ಇರತೈತಿ."

ನೇಮಿನಾಥ ಸಹಿ ಹಾಕುವಾಗ ಆಸೆಯಿಂದ ಕೇಳಿದ: "ನನ್ನ ಅಂಗಡ್ಯಾಗ ಹೆಬ್ಬೆಟ್ಟಿನ ಮಷೀನಿಗೆ ನೆಟ್ ಸಿಗವಲ್ದು ಮಾರಾಯಾ. ಮಂದಿ ಹೆಬ್ಬೆಟ್ಟು ಒತ್ತಿ ಒತ್ತಿ ಗೆರಿ ಸವದಾವು. ನನಗೊಂದು ಮುಂಜಾನಿ ಪಾಳಿ ಹಾಕು." ಧರೆಪ್ಪ ಗಂಭೀರವಾಗಿ ಬರೆದುಕೊಂಡ. ಸುದ್ದಿ ಓಣಿ ದಾಟಿತು. ಮಧ್ಯಾಹ್ನದ ಹೊತ್ತಿಗೆ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳೇ ಗಾಡಿಯ ಮೇಲೆ ಬಂದಿಳಿದರು.

"ಯಾರ್ರೀ ಧರೆಪ್ಪ? ನೆಟ್ ಹಂಚಾಕ ನಿಮಗ್ಯಾರು ಅಧಿಕಾರ ಕೊಟ್ರು? ಯಾವ ಇಲಾಖೆ ಆದೇಶ?"

"ಆದೇಶ ಇಲ್ರಿ ಸಾಹೇಬರ. ಹಂಚವರಿಲ್ಲದ್ದಕ್ಕ ಟೇಲಿಗೆ ಮುಟ್ಟವಲ್ದು, ಅದಕ್ಕ ಹಂಚಾಕತ್ತೇನಿ."

ಸಾಹೇಬರು ಪುಸ್ತಕ ಇಸಿದುಕೊಂಡು ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ಅಲ್ರೀ... ಇನ್ನೂರಾ ಹದಿನೇಳು ಪಾಯಖಾನೆ ಫೋಟೋ ಅಪ್‌ಲೋಡ್ ಮಾಡೂದು ಉಳದೈತಿ. ಒಂದೂ ಏರವಲ್ದು. ಸೋಮವಾರ ಮೇಲಿನವರು ಕೇಳ್ತಾರು. ಎಲ್ಲೆರ ಒಂದು ತಾಸು ಖಾಲಿ ಐತೇನು?" ಧರೆಪ್ಪ ರವಿವಾರ ಎಂಟರಿಂದ ಒಂಬತ್ತು ಬರೆದುಕೊಟ್ಟ. ಸರಕಾರ ತನ್ನ ಪಾಳಿಗೆ ತಲೆ ಕೊಟ್ಟ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಸಿಳ್ಳು ಬಿತ್ತು. ಓಣಿ ಬಂದಾಯಿತು. ಅಂದು ಅಳಿಯನನ್ನು ಗೋಡೆ ಹಾರಗೊಡದೆ ಜಮಖಾನದ ಮೇಲೆ ಕೂಡಿಸಿದ್ದರು. ಕೋಣೆ ತುಂಬ ಜನ, ಕಿಟಕಿಯಲ್ಲಿ ಜನ, ಸಾಹೇಬರಿಗೆ ಕುರ್ಚಿ. ಸಿದ್ದಲಿಂಗ ಪಟ್ಟಿ ತೆರೆದ. ಪಟ್ಟಿಯಲ್ಲಿ ಈಗ ಎರಡೇ ಹೆಸರು. ಮೇಲೆ ರಾವಸಾಹೇಬ, ನಾಲ್ಕು ಗೆರೆ.

ಧರೆಪ್ಪ ಉರಿದುಕೊಂಡು ಆಚೆಯ ಮನೆಗೆ ನಡೆದ. ಜನ ಹಿಂದೆ ನಡೆದರು. ರಾವಸಾಹೇಬ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಫೋನು ಪಕ್ಕದಲ್ಲಿ ಚಾರ್ಜಿಗೆ ಬಿದ್ದಿತ್ತು.

"ರಾವಸಾಬ, ಓಣಿ ಎಲ್ಲಾ ಬಂದ್ ಮಾಡೈತಿ. ನೀ ಒಬ್ಬಾಂವ ಯಾಕ ಜಗ್ಗಾಕತ್ತಿ? ಬಂದ್ ಮಾಡು ನಿಂದ!"

"ಬಂದ್ ಮಾಡೂದು ನನಗ ಬರೂದಿಲ್ಲೊ," ಎಂದ ರಾವಸಾಹೇಬ.

"ಏನ್ ಬರೂದಿಲ್ಲ?"

"ಚಾಲೂ ಮಾಡೂದು ಹೆಂಗೋ ಆತು. ಯಾವ ಗುಂಡಿ ಒತ್ತಿದ್ನೋ ದೇವರಿಗೇ ಗೊತ್ತು. ಹೋದ ದೀಪಾವಳಿಂದ ಹಂಗ ಐತಿ. ಬ್ಯಾಟರಿ ನಿಂದ್ರೂದಿಲ್ಲ, ಅದಕ್ಕ ದಿನಾ ಚಾರ್ಜಿಗೆ ಹಾಕಿರ್ತೇನಿ. ನಿನಗ ಬಂದ್ರ ಬಂದ್ ಮಾಡಪಾ, ಪುಣ್ಯಾ ಬರತೈತಿ."

ಇಪ್ಪತ್ನಾಲ್ಕು ತಾಸಿನ ವೈಭವದ ಮೂಲ ಇದು. ಧರೆಪ್ಪ ಫೋನು ತೆಗೆದುಕೊಂಡು ತಿರುವಿ ಮುರುವಿ ನೋಡಿದ. ಅವನಿಗೂ ಬರಲಿಲ್ಲ. ಸಾಹೇಬರು ಬೆರಳು ಆಡಿಸಿದರು, ಫೋಟೋ ಬಿತ್ತು. ಕೊನೆಗೆ ಕೆಂಪವ್ವನೇ ತೂಬು ಮುಚ್ಚುವ ದಾರಿ ಹೇಳಿದಳು. ಫೋನನ್ನು ಸತ್ತೆವ್ವನ ಜೋಳದ ಹಿಟ್ಟಿನ ಸ್ಟೀಲ್ ಡಬ್ಬಿಯಲ್ಲಿಟ್ಟು, ಮೇಲೆ ಹಿಟ್ಟು ಸುರುವಿ, ಮುಚ್ಚಳ ಹಾಕಿ, ಅದರ ಮೇಲೆ ರುಬ್ಬುಗುಂಡು ಹೇರಿದರು. ಗೋಡೆಯಾಚೆಯಿಂದ ಸೀಮಾ ಕೂಗಿದಳು.

"ಅಪ್ಪಾ! ಕಾಕಾರ ಹೆಸರು ಹೋತು! ನಿಮ್ಮದ ಮ್ಯಾಲ!"

ಧರೆಪ್ಪನ ಬಾಳಿನಲ್ಲಿ ಅಂಥ ಗಳಿಗೆ ಇನ್ನೊಂದಿರಲಿಲ್ಲ. ಓಡಿ ಬಂದ. ಫೋನನ್ನು ಅಳಿಯ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದ, ಬೇಡವೆನ್ನಲು ಮಾವ ಅಲ್ಲಿರಲಿಲ್ಲವಲ್ಲ. ಪರದೆಯ ಮೇಲೆ ಒಂದೇ ಹೆಸರು, ಧರೆಪ್ಪ, ನಾಲ್ಕು ಗೆರೆ. ಓಣಿಯೆಲ್ಲ ಬಂದಾದುದಕ್ಕೋ ಏನೋ, ನೆಟ್ಟು ನಿಜವಾಗಿಯೂ ಧುಮ್ಮಿಕ್ಕಿತು. ಅರ್ಧಕ್ಕೆ ನಿಂತದ್ದು ಮುಕ್ಕಾಲಾಯಿತು, ಪೂರ್ತಿಯಾಯಿತು. ಡಬ್ಬಿ ಒಮ್ಮೆ ಆರಿ, ಹೊತ್ತಿಕೊಂಡು, ಟಣ್ ಎಂದಿತು. "ಕೂಡ್ತು!" ಎಂದ ಸಿದ್ದಲಿಂಗ. ಜನ ಚಪ್ಪಾಳೆ ಹೊಡೆದರು. ಕಸ್ತೂರೆವ್ವ ಆರತಿ ತಂದಳು.

ಆಗ ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿತು. ಸಿದ್ದಲಿಂಗ ಅದನ್ನು ಎರಡು ಸಲ ಓದಿದ. ಸಾಹೇಬರು ಒಂದು ಸಲ ಓದಿ ಕೆಮ್ಮಿದರು.

"ಏನಂತೈತ್ರಿ?" ಎಂದ ಧರೆಪ್ಪ.

"ಮಾವಾರ... ಆಟ ಭಾಳ ಹಳೇದಾತಂತ್ರಿ. ಇದನ್ನ ನೆಟ್ಟಿನ ಮ್ಯಾಲ ಆಡಸೂದು ಅವರು ನಾಕು ವರ್ಷದ ಹಿಂದೆನ ಬಂದ್ ಮಾಡ್ಯಾರಂತ."

"ಯಾರು ಬಂದ್ ಮಾಡ್ಯಾರ? ಎಲ್ಲಿ?"

"ಅಲ್ಲೇ, ಪರದೇಶದಾಗ. ಮೂಲದಾಗ."

ಪಾಟಕರಿಗೆ ಇದು ಬೇಗ ತಿಳಿಯಿತು. ಹೊಳೆಯೇ ಬತ್ತಿದರೆ ಪಾಳಿ ಹಾಕಿ ಮಾಡುವುದೇನು? ಹನ್ನೊಂದು ಮನೆಯ ಸಹಿ, ಸರಕಾರದ ಸಹಿ, ಎಲ್ಲ ಮರಳಿನ ಮೇಲೆ ಹಾಕಿದ ಸಹಿ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೇಮಿನಾಥನ ತುಟಿ ಅದುರುತ್ತಿತ್ತು. ಅದು ಅಳು ಅಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಧರೆಪ್ಪನ ತಲೆಯಲ್ಲಿ ಒಂದು ಹೊಸ ಉರಿ ಎದ್ದಿತು.

"ಹಂಗಾದ್ರ ರಾವಸಾಬನ ಮನ್ಯಾಗ ಮೂರು ದಿನ ಹೆಂಗ ಆತು?"

ಸಿದ್ದಲಿಂಗ ತಲೆ ತಗ್ಗಿಸಿದ. "ಅಲ್ಲಿ ನೆಟ್ಟ ಇರಲಿಲ್ರಿ. ಕಾಕಾರ ಫೋನಿನ್ಯಾಗ ಬರೇ ಹೆಸರು ಬರತೈತಿ, ಒಳಗ ನೆಟ್ ಬಂದ್ ಐತಿ. ಮೊದಲನೇ ದಿನಾನ ನೋಡಿದ್ನಿ. ನಾಕು ಗೆರಿ ಅಂದ್ರ ಬರೇ ಸಮೀಪ ಐತಂತ ಅಷ್ಟ."

"ಮತ್ತ ಪರದೇಶದವರು?"

"ಎಲ್ಲಿ ಪರದೇಶದವರ್ರಿ? ಡಬ್ಬಿಗೆ ಎರಡು ಕೈಹಿಡಿಕಿ ಅದಾವು. ಒಂದು ನಾ ಹಿಡದ್ನಿ, ಒಂದು ಕಾಕಾ ಹಿಡದ್ರು. ಇಬ್ಬರ ಆಡಿದ್ವಿ."

"ಹದಿನೆಂಟು ಆಟ ಸೋತೇನಿ," ಎಂದ ರಾವಸಾಹೇಬ, ಬಾಗಿಲಲ್ಲಿ ನಿಂತು. "ನನ್ನ ಗೋಲಿನ್ಯಾಗ ನಾನ ಮೂರು ಸಲ ಹೊಡಕೊಂಡೇನಿ."

ಎರಡನೆಯ ಕೈಹಿಡಿಕೆ ಮಂಗಳವಾರ ಸಂಜೆ ಆ ಜಮಖಾನದ ಮೇಲೇ ಬಿದ್ದಿತ್ತು. ಧರೆಪ್ಪ ಆಗ ಮಾಳಿಗೆಯ ಮೇಲೆ ಆಕಾಶಕ್ಕೆ ಕೈಯೆತ್ತಿ ನಿಂತಿದ್ದ. ಒಣ ಕಾಲುವೆಯೊಂದನ್ನು ನೋಡಿ ಇಷ್ಟು ದಿನ ಹೊಟ್ಟೆ ಉರಿದುಕೊಂಡೆನೇ ಎಂದು ನಾಚಿಕೆಯಾಯಿತು. ಆದರೂ ಹದಿನೆಂಟು ಆಟ ಎಂದ ಕೂಡಲೇ ಹೊಟ್ಟೆ ಮತ್ತೆ ಉರಿಯಿತು. ಸೋಲುವುದರಲ್ಲೂ ಅವನೇ ಮೊದಲು!

ರಾವಸಾಹೇಬ ಒಳಗೆ ಬಂದು ಪಾಳಿಪುಸ್ತಕದ ಕಡೆ ಕೈ ತೋರಿಸಿದ. ಇಷ್ಟು ಜನರ ಎದುರಿಗೆ ಅವನು ದನಿ ತಗ್ಗಿಸಿ ಮಾತಾಡಿದ್ದನ್ನು ಓಣಿ ಕೇಳಿರಲಿಲ್ಲ. "ಧರೆಪ್ಪಾ, ಅದರಾಗ ನನಗ ಮುಕ್ಕಾಲು ತಾಸು ಬರದೀಯಲ್ಲ. ನೆಟ್ಟಿಂದು ನನಗ ಬ್ಯಾಡ, ನೀನ ಇಟ್ಕೊ. ಅಳಿಯಂದ್ರದ ಒಂದು ಪಾಳಿ ಕೊಡು. ಒಂದು ಊಟದ್ದು. ನಮ್ಮ ಮನ್ಯಾಗ ಯಾರೂ ಆ ಮಣಿ ಮ್ಯಾಲ ಕುಂತಿಲ್ಲೊ. ಆಕಿ ಹೂರಣಕ್ಕಂತ ನಿನ್ನೆ ತಂದ ಬ್ಯಾಳಿ ಹಂಗ ಇಟ್ಟಾಳ."

ಧರೆಪ್ಪ ಹೆಂಡತಿಯ ಕಡೆ ನೋಡಿದ. ಕಸ್ತೂರೆವ್ವ ಮಗಳ ಕಡೆ ನೋಡಿದಳು. "ಕೊಡೂದ ಬಿಡೂದ ಅಲ್ಲ," ಎಂದ ಧರೆಪ್ಪ. "ಮಂಗಳವಾರ ನಮ್ಮದಾಗ್ಲಿ. ಬುಧವಾರ ಬೇಕಾದ್ರ ನೋಡೂನು."

ಕೆಂಪವ್ವ ನೆಲಕ್ಕೆ ಕೈಯೂರಿ ಎದ್ದು ನಿಂತಳು. "ಏ ಪಾಟಕರಿ! ಬ್ಯಾಸಗ್ಯಾಗ ನೀರು ಕಡಿಮಿ ಆದಾಗ ನೀ ಪಾಳಿ ಎಲ್ಲಿಂದ ಹಚ್ಚತಿ? ನನ್ನ ಟೇಲಿನ ಅರ್ಧ ಎಕರೆಗೆ ಮೊದ್ಲ ಬಿಡತಿ. ಕಾಲುವಿ ತಲೀಯಾಗಿನವರು ಬಡಿದಾಡಾಕ ಬಂದ್ರೂ ಬಿಡತಿ. ಈಗ ಇವರಿಬ್ಬರು ಟೇಲೋ, ನೀ ಟೇಲೋ? ನೋಡಿ ಹೇಳು."

ಇಪ್ಪತ್ತೇಳು ವರ್ಷ ಒಂದು ಟೇಲನ್ನೂ ಒಣಗಿಸದವನು ಅವನು. ಅದೊಂದೇ ಅವನ ಆಸ್ತಿ. ಸಾಹೇಬರು, ನೇಮಿನಾಥ, ಕಿಟಕಿಯ ಜನ, ಎಲ್ಲರೂ ನೋಡುತ್ತಿದ್ದರು. ಧರೆಪ್ಪ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆದ. ರವಿವಾರ, ಹನ್ನೆರಡರಿಂದ: ಅಳಿಯ, ರಾವಸಾಹೇಬ. ಬರೆಯುವಾಗ ಅವನ ಕೈಬರಹ ಎಂದಿನಷ್ಟು ದುಂಡಗಿರಲಿಲ್ಲ.

ರವಿವಾರ ಸತ್ತೆವ್ವ ಧರೆಪ್ಪನನ್ನೂ ಬಿಡಲಿಲ್ಲ, ಅಳಿಯನ ಪಕ್ಕದಲ್ಲೇ ಕೂಡಿಸಿದಳು. ಕಸ್ತೂರೆವ್ವ ಅನಾರಸದ ಹಿಟ್ಟಿನಲ್ಲಿ ಕೈಯಿಟ್ಟಿ‌ದ್ದರಿಂದ ಬರಲಾಗಲಿಲ್ಲ. ಸತ್ತೆವ್ವ ಸೀಮಾಳಿಗೆ ಹಚ್ಚಿದ ಕುಂಕುಮ ಹುಬ್ಬಿನ ತನಕ ಇಳಿಯಿತು. "ಹೆಂಗ ಆಗ್ಯಾವೋ ಏನೋ, ಮೊದಲ್ನೇ ಸಲ ಮಾಡೇನಿ," ಎನ್ನುತ್ತ ಧೋಂಡೆ ಬಡಿಸಿದಳು. ಐವತ್ತೆಂಟರ ಹೆಂಗಸು, ಓಣಿಯ ಎಷ್ಟೋ ಮನೆಗಳ ಧೋಂಡೆಗೆ ಹೂರಣ ಅರೆದುಕೊಟ್ಟವಳು, ತನ್ನ ಒಲೆಯ ಮೇಲೆ ಮೊದಲ ಸಲ ಮಾಡಿದ್ದಳು. ಅಳಿಯ ಮಗಳು ಎದ್ದು ಇಬ್ಬರ ಕಾಲಿಗೆ ನಮಸ್ಕಾರ ಮಾಡಿದಾಗ ರಾವಸಾಹೇಬ ಮುಖ ಗೋಡೆಗೆ ತಿರುಗಿಸಿ, ಸಾರು ಬಹಳ ಖಾರ ಆಯಿತೆಂದು ಹೆಂಡತಿಯನ್ನು ಬೈದ. ಸಾರು ಇನ್ನೂ ಬಡಿಸಿರಲಿಲ್ಲ.

ಧರೆಪ್ಪ ಒಂದು ಧೋಂಡೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟ. ಬೆಣ್ಣೆಯಂತೆ ಕರಗಿತು. ಕಸ್ತೂರೆವ್ವನ ಮೂವತ್ತು ವರ್ಷದ ಹೋಳಿಗೆಗಳನ್ನು ನೆನೆಸಿಕೊಂಡು ಅವನಿಗೆ ದುಃಖವಾಯಿತು. ದುಃಖದಲ್ಲೇ ಇನ್ನೈದು ತಿಂದ.

ಮನೆಗೆ ಬಂದಾಗ ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. "ಹೆಂಗಿದ್ವು?"

ಅಧಿಕ ಮಾಸದಲ್ಲಿ ಸುಳ್ಳು ಹೇಳಬಾರದು. ಮೂವತ್ತು ವರ್ಷ ಜೊತೆಗೆ ಬಾಳಿದವಳ ಮುಖ ಬಾಡಿಸಲೂಬಾರದು. ಧರೆಪ್ಪ ತನ್ನ ಚಪ್ಪಲಿಯನ್ನು ನೋಡಿಕೊಂಡ.

"ಗಟ್ಟಿ ಆಗಿದ್ವು," ಎಂದ. "ನಿನ್ನ ಕೈ ಎಲ್ಲಿ, ಆಕಿ ಕೈ ಎಲ್ಲಿ!"

ಕಸ್ತೂರೆವ್ವನ ಮುಖ ಅರಳಿತು. ಅರಳಿದ ಮುಖದಲ್ಲಿ ಕನಿಕರ ಉಕ್ಕಿತು. "ಅಯ್ಯ ಪಾಪ, ಮೊದಲ್ನೇ ಸಲ ಅಲ್ಲೇನು," ಎಂದವಳೇ ಧರೆಪ್ಪ ಕೈ ಹಿಡಿಯುವ ಮೊದಲೇ ಹಿತ್ತಿಲಿಗೆ ನಡೆದು, ಗೋಡೆಯ ಮೇಲೆ ಮೊಳಕೈ ಊರಿ ಕೂಗಿದಳು. "ಸತ್ತೆವ್ವಾ! ಏ ಸತ್ತೆವ್ವಾ! ನಿನ್ನ ಧೋಂಡೆ ಗಟ್ಟಿ ಆಗಿದ್ವಂತಲ್ಲ? ಮಂಗಳವಾರ ಲಗೂನ ಬಾ, ನಾ ಕಲಿಸಿಕೊಡ್ತೇನಿ!"

ಆಚೆ ಒಂದು ಪಾತ್ರೆ ಠಣ್ ಎಂದು ಬಿತ್ತು. ಆಮೇಲೆ ರಾವಸಾಹೇಬನ ದನಿ ಗೋಡೆ ಹಾರಿ, ಮನೆ ದಾಟಿ, ಬೀದಿಯ ಕಡೆ ಜಾರಿಕೊಳ್ಳುತ್ತಿದ್ದ ಧರೆಪ್ಪನ ಬೆನ್ನಿಗೆ ಬಡಿಯಿತು.

"ಗಟ್ಟಿ ಆಗಿದ್ವಂತ ಯಾರಂದ್ರವ್ವಾ? ಆರು ತಿಂದು, ಮತ್ತ ಎರಡು ಕಿಸೇದಾಗ ಹಾಕ್ಕೊಂಡು ಹೋದಾಂವನ?"